ಬಕೆಟ್ ಅಳತೆ ಬಿಟ್ಟ ಮೇಲೆ

ಮೊದಲ ದಿನ ನಮ್ಮ ಕರುಗಳಿಗೆಂದು ನಾನು ಬೆರೆಸಿದ ದಾಣಿಯಲ್ಲಿ, ಅಂದರೆ ಕಾಳು ಹಿಂಡಿಗಳ ತಿನಿಸಿನಲ್ಲಿ, ಸಾಮಾನೆಲ್ಲ ಸರಿಯಾಗಿಯೇ ಇತ್ತು. ಒಡೆದ ಮೆಕ್ಕೆಜೋಳ, ಗೋಧಿ ಬೂಸಾ, ಸೋಯಾ ಹಿಂಡಿ, ಖನಿಜ ಮಿಶ್ರಣ, ಉಪ್ಪು. ಒಂದೂ ಕೆಟ್ಟದ್ದಲ್ಲ. ತಪ್ಪಿದ್ದು ಅಳತೆ. ನಾಲ್ಕು ಬಕೆಟ್ ಜೋಳ, ನಾಲ್ಕು ಬಕೆಟ್ ಬೂಸಾ, ಎರಡು ಬಕೆಟ್ ಹಿಂಡಿ. ನೂರಕ್ಕೆ ನಲವತ್ತು, ನಲವತ್ತು, ಇಪ್ಪತ್ತು ಅಂದುಕೊಂಡು ಸಲಿಕೆಯಲ್ಲಿ ಮಗುಚಿ ಗೋದಲಿಗೆ ಹಾಕಿದೆ.

ವಾರ ಕಳೆದ ಮೇಲೆ ತಮ್ಮ ಒಂದು ತಕ್ಕಡಿ ತಂದ. ಕೊಟ್ಟಿಗೆಯ ತೊಲೆಗೆ ನೇತುಹಾಕುವಂಥದ್ದು. ಸುಮ್ನೆ ನೋಡೋಣ ಅಂತ ಅದೇ ಹತ್ತು ಲೀಟರ್ ಬಕೆಟನ್ನು ತೂಗಿದೆವು. ಒಡೆದ ಜೋಳ ತುಂಬಿದರೆ ಆರೂವರೆ ಕೆಜಿ. ಹಿಂಡಿ ಆರು ಕೆಜಿ. ಬೂಸಾ ಬರೀ ಎರಡೂವರೆ ಕೆಜಿ! ಕೂತು ಲೆಕ್ಕ ಹಾಕಿದೆವು. ನಮ್ಮ ನಾಲ್ಕು, ನಾಲ್ಕು, ಎರಡು ಬಕೆಟ್ ಒಟ್ಟು 48 ಕೆಜಿ. ಅದರಲ್ಲಿ ಜೋಳ 26 ಕೆಜಿ, ಬೂಸಾ 10 ಕೆಜಿ, ಹಿಂಡಿ 12 ಕೆಜಿ. ಅಂದರೆ ಜೋಳ ಶೇ. 54, ಬೂಸಾ ಶೇ. 21, ಹಿಂಡಿ ಶೇ. 25.

"ಅಣ್ಣ, ನಾವು ಚೀಟಿಯಲ್ಲಿ ಬರೆದದ್ದೇ ಬೇರೆ, ಕರು ತಿಂದದ್ದೇ ಬೇರೆ" ಅಂದ ತಮ್ಮ. ಅವತ್ತಿನಿಂದ ನಮ್ಮ ಕೊಟ್ಟಿಗೆಯಲ್ಲಿ ತೂಗದ ಸಾಮಾನು ರಾಶಿಗೆ ಬೀಳುವುದಿಲ್ಲ.

ನಮ್ಮಲ್ಲಿ ಇದ್ದದ್ದು ಎಂಟು ಗಂಡು ಕರುಗಳು. ವಯಸ್ಸು ಹತ್ತು ಹನ್ನೊಂದು ತಿಂಗಳು. ಎಲುಬು ಚೆನ್ನಾಗಿತ್ತು, ಮೈ ಇರಲಿಲ್ಲ. ಬೇಸಿಗೆಯಿಡೀ ಒಣಹುಲ್ಲಿನಲ್ಲೇ ಕಳೆದಿದ್ದವು. ನಾಲ್ಕು ತಿಂಗಳು ಕಟ್ಟಿ ಮೇಯಿಸಿ ಮೈ ತುಂಬಿಸಬೇಕು ಅನ್ನುವುದು ನಮ್ಮ ಯೋಚನೆ. ಚೀಲದಲ್ಲಿ ಬರುವ ಸಿದ್ಧ ಆಹಾರ ಹಾಕಬಹುದಿತ್ತು. ಆದರೆ ಜೋಳ ನಮ್ಮದೇ ಬೆಳೆ, ಮನೆಯಲ್ಲೇ ಇತ್ತು. ಅದನ್ನು ಮಾರಿ, ಮತ್ತೆ ಅದೇ ಜೋಳವನ್ನು ಚೀಲದಲ್ಲಿ ಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಜೊತೆಗೆ ನನ್ನ ದನ ಏನು ತಿನ್ನುತ್ತಿದೆ ಅಂತ ನನಗೆ ಗೊತ್ತಿರಬೇಕು ಅನ್ನುವ ಆಸೆಯೂ ಇತ್ತು.

ಎಷ್ಟು ಹಾಕಬೇಕು ಅಂತ ಗೊತ್ತಾಗಬೇಕಾದರೆ ಕರುವಿನ ತೂಕ ಗೊತ್ತಿರಬೇಕು. ದನ ತೂಗುವ ಯಂತ್ರ ನಮ್ಮಲ್ಲಿಲ್ಲ. ದರ್ಜಿಯ ಟೇಪು ಸಾಕು ಅಂತ ಪಶುವೈದ್ಯರು ತೋರಿಸಿಕೊಟ್ಟರು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಬೇಕು. ಭುಜದ ತುದಿಯಿಂದ ಪೃಷ್ಠದ ಮೂಳೆಯ ತನಕ ಉದ್ದ ತೆಗೆಯಬೇಕು. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಕೆಜಿಯಲ್ಲಿ ತೂಕ ಸಿಗುತ್ತದೆ. ನಮ್ಮ ಒಂದು ಕರುವಿನ ಸುತ್ತಳತೆ 140, ಉದ್ದ 120. ಲೆಕ್ಕ ಹಾಕಿದರೆ 217 ಕೆಜಿ. ಕರಾರುವಾಕ್ಕಾದ ತೂಕ ಅಲ್ಲ, ಸ್ವಲ್ಪ ಆಚೀಚೆ ಆಗುತ್ತದೆ. ಆದರೆ ಪ್ರತಿ ಸಲ ಒಬ್ಬರೇ, ಬೆಳಿಗ್ಗೆ ಮೇವು ಹಾಕುವ ಮುಂಚೆ, ಕರು ನೆಟ್ಟಗೆ ನಿಂತಾಗ ಅಳೆದರೆ ಹೆಚ್ಚಿತೋ ಇಲ್ಲವೋ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಎಂಟೂ ಕರುಗಳ ಸರಾಸರಿ 210 ಕೆಜಿ ಬಂತು.

ಇಲ್ಲಿಂದ ಮುಂದೆ ನನಗೆ ಅರ್ಥವಾಗಲು ತುಂಬಾ ಹೊತ್ತು ಹಿಡಿದ ವಿಷಯ ಒಣ ಅಂಶ. ಕರು ದಿನಕ್ಕೆ ತನ್ನ ತೂಕದ ಸುಮಾರು ಶೇ. 2.5ರಷ್ಟು ತಿನ್ನುತ್ತದೆ ಅಂತಾರೆ. ಆ ಲೆಕ್ಕ ನೀರು ಬಿಟ್ಟು ಉಳಿಯುವ ಒಣ ಅಂಶದ್ದು. ಹಸಿರು ಮೇವಿನಲ್ಲಿ ನೂರಕ್ಕೆ ಎಂಬತ್ತರಷ್ಟು ನೀರೇ. ಜೋಳ, ಹಿಂಡಿ, ಒಣಹುಲ್ಲುಗಳಲ್ಲಿ ನೀರು ಹತ್ತು ಹನ್ನೆರಡು ಪಾಲು ಮಾತ್ರ. ಹಾಗಾಗಿ ಐದು ಕೆಜಿ ಹಸಿರು ಮೇವು ಹಾಕಿದರೆ ಹೊಟ್ಟೆಗೆ ಹೋಗುವ ಸತ್ವ ಇರುವುದು ಒಂದು ಕೆಜಿಯಲ್ಲಿ. ಇದನ್ನು ಮರೆತರೆ ಗೋದಲಿ ತುಂಬಾ ಮೇವು ಇದ್ದರೂ ಕರು ಬಡಕಲಾಗಿಯೇ ಉಳಿಯುತ್ತದೆ.

210 ಕೆಜಿ ಕರುವಿಗೆ ಶೇ. 2.5 ಅಂದರೆ ಐದೂಕಾಲು ಕೆಜಿ ಒಣ ಅಂಶ. ನಾವು ಕೊನೆಗೆ ಮುಟ್ಟಬೇಕು ಅಂತ ಇಟ್ಟುಕೊಂಡ ಗುರಿ ಹೀಗಿತ್ತು: ದಾಣಿ ನಾಲ್ಕು ಕೆಜಿ, ಒಣಹುಲ್ಲು ಒಂದು ಕೆಜಿ, ಹಸಿರು ಮೇವು ನಾಲ್ಕೂವರೆ ಕೆಜಿ. ದಾಣಿಯಿಂದ ಮೂರೂವರೆ ಕೆಜಿ ಒಣ ಅಂಶ, ಮೇವಿನಿಂದ ಸುಮಾರು 1.8 ಕೆಜಿ. ಆರಂಭದ ದಿನವೇ ಇಷ್ಟು ಹಾಕುವಂತಿಲ್ಲ. ಅದು ಗೊತ್ತಿದ್ದೂ ನಾನು ಮುಂದೆ ತಪ್ಪಿದೆ.

ಪ್ರೋಟೀನಿನ ಲೆಕ್ಕವನ್ನು ವೈದ್ಯರು ಒಂದು ಖಾಲಿ ಚೀಲದ ಮೇಲೆ ಚೌಕ ಬರೆದು ಕಲಿಸಿದರು. ಚೌಕದ ನಡುವೆ ದಾಣಿಯಲ್ಲಿ ನಮಗೆ ಬೇಕಾದ ಪ್ರೋಟೀನು, ನೂರಕ್ಕೆ 15. ಎಡಗಡೆ ಮೇಲೆ ಜೋಳದ ಪ್ರೋಟೀನು, 9. ಎಡಗಡೆ ಕೆಳಗೆ ಸೋಯಾ ಹಿಂಡಿಯದು, 45. ಈಗ ಓರೆಯಾಗಿ ಕಳೆಯಬೇಕು. 45ರಲ್ಲಿ 15 ಕಳೆದರೆ 30, ಅದು ಜೋಳದ ಪಾಲು. 15ರಲ್ಲಿ 9 ಕಳೆದರೆ 6, ಅದು ಹಿಂಡಿಯ ಪಾಲು. ಐದು ಪಾಲು ಜೋಳಕ್ಕೆ ಒಂದು ಪಾಲು ಹಿಂಡಿ. ಅಷ್ಟೇ. ಶಾಲೆಯಲ್ಲಿ ಲೆಕ್ಕ ಅಂದರೆ ದೂರ ಓಡುತ್ತಿದ್ದ ತಮ್ಮ, ಆ ಸಂಜೆ ಗೋಡೆಯಿಡೀ ಚೌಕ ಬರೆದ. ಶೇಂಗಾ ಹಿಂಡಿ ಹಾಕಿದರೆ ಎಷ್ಟು, ಹತ್ತಿಕಾಳು ಹಿಂಡಿ ಹಾಕಿದರೆ ಎಷ್ಟು ಅಂತ ಒಂದೊಂದನ್ನೂ ಹಾಕಿ ನೋಡಿದ.

ಬೂಸಾದಲ್ಲಿ ತಾನೇ ಸುಮಾರು ಶೇ. 15 ಪ್ರೋಟೀನು ಇರುತ್ತದೆ. ಹಾಗಾಗಿ ಅದನ್ನು ಸೇರಿಸಿದ್ದರಿಂದ ಚೌಕದ ಲೆಕ್ಕ ಕೆಡಲಿಲ್ಲ. ಆದರೆ ಖನಿಜ, ಸುಣ್ಣದಕಲ್ಲು, ಉಪ್ಪು ಇವುಗಳಲ್ಲಿ ಪ್ರೋಟೀನು ಇಲ್ಲ. ಅವು ತೆಗೆದುಕೊಂಡ ಜಾಗಕ್ಕೆ ಸರಿಯಾಗಿ ಹಿಂಡಿಯನ್ನು ಒಂದೆರಡು ಕೆಜಿ ಜಾಸ್ತಿ ಮಾಡಬೇಕಾಯಿತು. ಕೊನೆಗೆ ನೂರು ಕೆಜಿಗೆ ನಿಂತ ಲೆಕ್ಕ ಇದು. ಜೋಳ 60 ಕೆಜಿ, ಬೂಸಾ 22 ಕೆಜಿ, ಸೋಯಾ ಹಿಂಡಿ 14 ಕೆಜಿ, ಖನಿಜ ಮಿಶ್ರಣ ಒಂದೂವರೆ ಕೆಜಿ, ಸುಣ್ಣದಕಲ್ಲಿನ ಪುಡಿ ಒಂದೂವರೆ ಕೆಜಿ, ಉಪ್ಪು ಒಂದು ಕೆಜಿ. ಮೇವನ್ನೂ ಸೇರಿಸಿ ನೋಡಿದರೆ ದಿನದ ಒಟ್ಟು ಒಣ ಅಂಶದಲ್ಲಿ ಪ್ರೋಟೀನು ಶೇ. 13ರಿಂದ 14. ಆ ತೂಕದ ಬೆಳೆಯುವ ಕರುವಿಗೆ ಅದು ಸಾಕು.

ಸುಣ್ಣದಕಲ್ಲಿನ ಪುಡಿ ಯಾಕೆ ಅಂತ ನಾನೂ ಕೇಳಿದ್ದೆ. ಜೋಳದಲ್ಲಿ, ಅದಕ್ಕಿಂತ ಜಾಸ್ತಿ ಬೂಸಾದಲ್ಲಿ, ರಂಜಕ (ಫಾಸ್ಫರಸ್) ತುಂಬಾ ಇರುತ್ತದೆ. ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಂಜಕ ಮೇಲಾಗಿ ಕ್ಯಾಲ್ಸಿಯಂ ಕೆಳಗಾದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಎಳೆಯದರಲ್ಲೇ ಬೀಜ ಒಡೆಸಿದ ಗಂಡು ಕರುಗಳಲ್ಲಿ ಮೂತ್ರನಾಳ ಸಪೂರ ಇರುತ್ತದೆ. ಸಣ್ಣ ಕಲ್ಲು ಸಿಕ್ಕಿಕೊಂಡರೂ ಸಾಕು, ಮೂತ್ರ ನಿಂತು ಕರು ಸಾಯುತ್ತದೆ. ಕ್ಯಾಲ್ಸಿಯಂ ರಂಜಕದ ಒಂದೂವರೆಯಿಂದ ಎರಡರಷ್ಟು ಇದ್ದರೆ ಒಳ್ಳೆಯದು. ಕಾಳು ಜಾಸ್ತಿ ತಿನ್ನಿಸುವವರು ಈ ಒಂದೂವರೆ ಕೆಜಿಯನ್ನು ಬಿಡಲೇಬಾರದು. ಒಂದು ಮಾತು: ಇದು ಪುಡಿ ಮಾಡಿದ ಸುಣ್ಣದಕಲ್ಲು. ಗೋಡೆಗೆ ಬಳಿಯುವ ಸುಟ್ಟ ಸುಣ್ಣ ಅಲ್ಲ. ಅದು ಬಾಯಿ ಸುಡುತ್ತದೆ.

ಇನ್ನು ಬೆರೆಸುವ ಕೆಲಸ. ಸಿಮೆಂಟ್ ನೆಲ ಗುಡಿಸಿ, ಜೋಳ ಹರವಿ, ಅದರ ಮೇಲೆ ಬೂಸಾ, ಅದರ ಮೇಲೆ ಹಿಂಡಿ, ಮೇಲೆ ಖನಿಜ ಚೆಲ್ಲಿ ಸಲಿಕೆಯಲ್ಲಿ ಮಗುಚುತ್ತಿದ್ದೆವು. ನಾಲ್ಕು ಸಲ ಮಗುಚಿದರೆ ಕಣ್ಣಿಗೆ ಚೆನ್ನಾಗಿ ಬೆರೆತಂತೆಯೇ ಕಾಣುತ್ತದೆ. ಆದರೆ ತಕ್ಕಡಿಯ ಪಾಠ ಆದಮೇಲೆ ಕಣ್ಣನ್ನು ನಂಬುವ ಧೈರ್ಯ ಇರಲಿಲ್ಲ. ಪರೀಕ್ಷೆ ಮಾಡೋಣ ಅಂತ ತಮ್ಮನೇ ಒಂದು ಉಪಾಯ ಹೇಳಿದ. ಒಡೆಯದ ಇಡೀ ಜೋಳದ ಕಾಳು ಒಂದು ಸಾವಿರ ಎಣಿಸಿದೆವು. ತಿನ್ನುವ ಬಣ್ಣ ಹಚ್ಚಿ ಒಣಗಿಸಿದೆವು. ನೂರು ಕೆಜಿ ರಾಶಿಯಲ್ಲಿ ಖನಿಜದ ಜೊತೆ ಅವನ್ನೂ ಸೇರಿಸಿದೆವು. ಸರಿಯಾಗಿ ಬೆರೆತರೆ ಒಂದು ಕೆಜಿಗೆ ಹತ್ತು ಕಾಳು ಸಿಗಬೇಕು, ಅಲ್ವಾ?

ನಾಲ್ಕು ಸಲ ಮಗುಚಿದ ಮೇಲೆ ಐದು ಕಡೆಯಿಂದ ಒಂದೊಂದು ಕೆಜಿ ತೆಗೆದು ಎಣಿಸಿದೆವು. 3, 19, 8, 15, 5. ಅಂದರೆ ಒಂದು ಕರುವಿಗೆ ಖನಿಜ ಮೂರು ಪಾಲು, ಪಕ್ಕದ ಕರುವಿಗೆ ಹತ್ತೊಂಬತ್ತು ಪಾಲು! ಇನ್ನೂ ನಾಲ್ಕು ಸಲ ಮಗುಚಿದೆವು. 9, 12, 10, 7, 13. ಇದು ಪರವಾಗಿಲ್ಲ ಅನ್ನಿಸಿತು. ಎಂಟು ಸಲಕ್ಕಿಂತ ಕಡಿಮೆ ಇಲ್ಲ ಅಂತ ಅಲ್ಲಿಗೆ ತೀರ್ಮಾನವಾಯಿತು. ರಾಶಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಪೂರ್ತಿ ಸಾಗಿಸಿದರೆ ಅದು ಒಂದು ಸಲ. ನಿಂತಲ್ಲೇ ಕೆದಕಿದರೆ ಅದು ಲೆಕ್ಕಕ್ಕಿಲ್ಲ.

ಇನ್ನೊಂದು ಬದಲಾವಣೆಯೂ ತುಂಬಾ ಉಪಯೋಗಕ್ಕೆ ಬಂತು. ಒಂದೂವರೆ ಕೆಜಿ ಪುಡಿಯನ್ನು ನೇರವಾಗಿ ನೂರು ಕೆಜಿ ರಾಶಿಗೆ ಚೆಲ್ಲುವುದನ್ನು ಬಿಟ್ಟೆವು. ಖನಿಜ, ಸುಣ್ಣದಕಲ್ಲು, ಉಪ್ಪು ಮೂರನ್ನೂ ಮೊದಲು ನಾಲ್ಕು ಕೆಜಿ ಬೂಸಾದಲ್ಲಿ ಕೈಯಲ್ಲೇ ಚೆನ್ನಾಗಿ ಬೆರೆಸುತ್ತೇವೆ. ಅದನ್ನು ಹಿಂಡಿಯ ಜೊತೆ ಬೆರೆಸುತ್ತೇವೆ. ಆಮೇಲೆ ಎಲ್ಲದರ ಜೊತೆ. ಸ್ವಲ್ಪದಿಂದ ಜಾಸ್ತಿಗೆ ಹೋಗಬೇಕು. ಹೀಗೆ ಮಾಡಿದ ಮೇಲೆ ಉಪ್ಪಿನ ಗಂಟು ಗೋದಲಿಯಲ್ಲಿ ಸಿಗುವುದು ನಿಂತಿತು.

ಆದರೂ ಚೀಲ ಹೊತ್ತು, ಎಳೆದು, ಎತ್ತಿ ಇಡುವಾಗ ಪುಡಿಯೆಲ್ಲ ತಳಕ್ಕೆ ಇಳಿಯುತ್ತದೆ. ಚೀಲದ ಕೊನೆಯ ಪಾಲು ತಿಂದ ಕರುವಿಗೆ ಬರೀ ಖನಿಜದ ಪುಡಿ. ಇದಕ್ಕೆ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಒಳ್ಳೆಯ ಮದ್ದು. ನೂರು ಕೆಜಿಗೆ ಎರಡು ಕೆಜಿ ಕಾಕಂಬಿಯನ್ನು ಸ್ವಲ್ಪ ಬಿಸಿನೀರಿನಲ್ಲಿ ಕಲಸಿ, ಕೊನೆಯ ಎರಡು ಮಗುಚುವಿಕೆಯಲ್ಲಿ ಚಿಮುಕಿಸುತ್ತೇವೆ. ಪುಡಿ ಕಾಳಿಗೆ ಅಂಟಿಕೊಳ್ಳುತ್ತದೆ, ದೂಳೂ ಏಳುವುದಿಲ್ಲ. ಕರುಗಳೂ ಆಸೆಯಿಂದ ತಿನ್ನುತ್ತವೆ. ಒಂದೇ ತೊಂದರೆ, ತೇವ ಇರುವುದರಿಂದ ಬೇಗ ಕೆಡುತ್ತದೆ. ನಾವು ಒಂದು ವಾರಕ್ಕೆ ಆಗುವಷ್ಟನ್ನೇ ಬೆರೆಸುತ್ತೇವೆ. ಬಿಸಿಲು ಜೋರಾಗಿದ್ದರೆ ನಾಲ್ಕು ದಿನಕ್ಕೆ ಆಗುವಷ್ಟು.

ಈಗ ಆ ಕೆಟ್ಟ ವಾರದ ಬಗ್ಗೆ ಹೇಳಬೇಕು.

ದಿನಕ್ಕೆ ಒಂದೂವರೆ ಕೆಜಿ ದಾಣಿಯಿಂದ ಶುರು ಮಾಡಿದ್ದೆವು. ನಾಲ್ಕೈದು ದಿನಕ್ಕೊಮ್ಮೆ ಅರ್ಧ ಕೆಜಿ ಏರಿಸುವುದು ಅಂತ ಮಾತಾಗಿತ್ತು. ಎರಡೂವರೆ ಕೆಜಿ ತನಕ ಹಾಗೇ ಬಂತು. ಕರುಗಳು ನಿಮಿಷದಲ್ಲಿ ಗೋದಲಿ ನೆಕ್ಕಿ ನನ್ನ ಮುಖ ನೋಡುತ್ತಿದ್ದವು. ಹಸಿದಿವೆ ಅನ್ನಿಸಿತು. ಇಷ್ಟು ಚೆನ್ನಾಗಿ ತಿನ್ನುತ್ತಿವೆಯಲ್ಲ, ಯಾಕೆ ಕಾಯಬೇಕು ಅಂತ ಒಂದೇ ದಿನ ನಾಲ್ಕು ಕೆಜಿಗೆ ಏರಿಸಿದೆ. ಅದೇ ವಾರ ಜೋಳವನ್ನು ಹಿಟ್ಟಿನ ಹಾಗೆ ನುಣ್ಣಗೆ ಬೀಸಿಸಿಕೊಂಡು ಬಂದಿದ್ದೆ. ಬೇಗ ಜೀರ್ಣವಾಗಲಿ ಅಂತ.

ಮೂರನೆಯ ದಿನ ಬೆಳಿಗ್ಗೆ ಒಂದು ಕಪ್ಪು ಕರು ಗೋದಲಿಯ ಹತ್ತಿರ ಬರಲಿಲ್ಲ. ತಲೆ ತಗ್ಗಿಸಿ ಮೂಲೆಯಲ್ಲಿ ನಿಂತಿತ್ತು. ಮೆಲುಕು ಇಲ್ಲ. ಎಡಹೊಟ್ಟೆಯ ಮೇಲೆ ಕೈಯಿಟ್ಟರೆ ನೀರು ತುಂಬಿದ ಚೀಲದ ಹಾಗೆ ತುಳುಕುತ್ತಿತ್ತು. ಸಗಣಿ ನೀರಾಗಿತ್ತು, ಬೂದು ಬಣ್ಣ, ಮೇಲೆ ಗುಳ್ಳೆ, ಹುಳಿ ವಾಸನೆ. ಉಳಿದ ಕರುಗಳ ಸಗಣಿಯೂ ತೆಳ್ಳಗಾಗಿತ್ತು. ನನಗೆ ಕೈಕಾಲು ಆಡಲಿಲ್ಲ.

ವೈದ್ಯರು ಬಂದವರೇ ದಾಣಿ ಚೀಲಕ್ಕೆ ಕೈ ಹಾಕಿ ಜೋಳದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಎಷ್ಟು ಹಾಕಿದ್ರಿ?" ಅಂದರು. ಹೇಳಿದೆ. "ಹೊಟ್ಟೆ ಹುಳಿಯಾಗಿದೆ" ಅಂದರು. ಕರುವಿಗೆ ಸೋಡಾ ಕಲಸಿದ ನೀರನ್ನು ನಳಿಗೆಯಿಂದ ಹೊಟ್ಟೆಗೇ ಇಳಿಸಿದರು, ಚುಚ್ಚುಮದ್ದು ಕೊಟ್ಟರು. ದಾಣಿ ಪೂರ್ತಿ ನಿಲ್ಲಿಸಿ ಒಣಹುಲ್ಲು ಮಾತ್ರ ಹಾಕಲು ಹೇಳಿದರು. ಆಮೇಲೆ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಸಮಾಧಾನವಾಗಿ ವಿವರಿಸಿದರು. ಆ ಮಾತು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ದನದ ಮೊದಲ ಹೊಟ್ಟೆಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಮೇವನ್ನು ಮೊದಲು ತಿನ್ನುವುದು ಅವು. ಅವು ಬಿಟ್ಟ ಸತ್ವ, ಕೊನೆಗೆ ಅವುಗಳ ಮೈಯೇ, ದನಕ್ಕೆ ಆಹಾರ. ಹುಲ್ಲು ತಿನ್ನುವ ದನದಲ್ಲಿ ನಾರು ಕರಗಿಸುವ ಜೀವಿಗಳು ಜಾಸ್ತಿ. ಹಠಾತ್ತಾಗಿ ಪಿಷ್ಟ ಸುರಿದರೆ, ಅದನ್ನು ತಿಂದು ಹುಳಿ ಬಿಡುವ ಜೀವಿಗಳು ಗಂಟೆಗಳಲ್ಲಿ ಹೆಚ್ಚಿಕೊಳ್ಳುತ್ತವೆ. ಆ ಹುಳಿಯನ್ನು ಬಳಸಿ ಕಡಿಮೆ ಮಾಡುವ ಜೀವಿಗಳು ನಿಧಾನಕ್ಕೆ ಬೆಳೆಯುವಂಥವು. ಅವಕ್ಕೆ ಸಮಯ ಬೇಕು. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಸಾಮಾನ್ಯವಾಗಿ ಆ ಹೊಟ್ಟೆಯ ಪಿಎಚ್ 6ರಿಂದ 7ರ ನಡುವೆ ಇರುತ್ತದೆ. 5.5ಕ್ಕಿಂತ ಕೆಳಗಿಳಿದರೆ ತೊಂದರೆ ಶುರು. 5ಕ್ಕಿಂತ ಕೆಳಗೆ ಹೋದರೆ ಪ್ರಾಣಕ್ಕೇ ಅಪಾಯ. ನುಣ್ಣಗೆ ಬೀಸಿದ ಹಿಟ್ಟು ಇನ್ನೂ ಬೇಗ ಹುಳಿಯಾಗುತ್ತದೆ. ಉದ್ದ ನಾರು ಇದ್ದರೆ ದನ ಅಗಿಯುತ್ತದೆ, ಮೆಲುಕು ಹಾಕುತ್ತದೆ. ಅಗಿದಷ್ಟೂ ಜೊಲ್ಲು ಬರುತ್ತದೆ. ಜೊಲ್ಲಿನಲ್ಲಿ ಸೋಡಾದಂಥದ್ದೇ ಅಂಶ ಇದೆ. ದೊಡ್ಡ ದನ ದಿನಕ್ಕೆ ನೂರು ಲೀಟರಿಗಿಂತ ಜಾಸ್ತಿ ಜೊಲ್ಲು ನುಂಗುತ್ತದೆಯಂತೆ! ಹಿಟ್ಟು ನುಂಗಲು ಅಗಿಯುವುದೇ ಬೇಡ. ಜೊಲ್ಲು ಎಲ್ಲಿಂದ ಬರಬೇಕು?

"ನೀವು ಕರು ಸಾಕ್ತಿಲ್ಲ, ಅದರ ಹೊಟ್ಟೆಯೊಳಗಿನ ಜೀವಿಗಳನ್ನ ಸಾಕ್ತಿದ್ದೀರಿ. ಅವು ಒಗ್ಗಿಕೊಳ್ಳೋಕೆ ಮೂರು ವಾರ ಕೊಡಿ" ಅಂದರು.

ಕಪ್ಪು ಕರು ಉಳಿಯಿತು. ಎರಡನೆಯ ದಿನ ಸಂಜೆ ಒಂದು ಹಿಡಿ ಒಣಹುಲ್ಲು ತಿಂದಿತು. ಮೂರನೆಯ ದಿನ ರಾತ್ರಿ ಮಲಗಿ ಮೆಲುಕು ಹಾಕಿತು. ಆ ಸದ್ದು ಕೇಳಿದಾಗ ನನಗೆ ಆದ ನೆಮ್ಮದಿ ಅಷ್ಟಿಷ್ಟಲ್ಲ. ಅದಕ್ಕೆ ಮತ್ತೆ ಅರ್ಧ ಕೆಜಿ ದಾಣಿಯಿಂದ ಶುರು ಮಾಡಿದೆವು. ಉಳಿದ ಏಳನ್ನೂ ಎರಡು ಕೆಜಿಗೆ ಇಳಿಸಿ, ನಾಲ್ಕೈದು ದಿನಕ್ಕೊಂದು ಮೆಟ್ಟಿಲು ಹತ್ತಿದೆವು. ಏರಿಸುವ ದಿನ ಬಂದರೂ ಯಾವುದಾದರೂ ಕರುವಿನ ಸಗಣಿ ತೆಳ್ಳಗಿದ್ದರೆ ಏರಿಸಲಿಲ್ಲ. ಜೋಳವನ್ನು ಬೀಸಿಸುವುದು ಬಿಟ್ಟು ಒಡೆಸಿದೆವು. ಒಂದು ಕಾಳು ನಾಲ್ಕೈದು ಚೂರಾದರೆ ಸಾಕು. ಇಡೀ ಕಾಳು ಹಾಕಿದರೆ ಅದು ಹಾಗೇ ಸಗಣಿಯಲ್ಲಿ ಬೀಳುತ್ತದೆ, ಅದೂ ನಷ್ಟ. ನೂರು ಕೆಜಿ ದಾಣಿಗೆ ಒಂದು ಕೆಜಿ ಅಡುಗೆ ಸೋಡಾವನ್ನೂ ಸೇರಿಸಲು ಶುರು ಮಾಡಿದೆವು. ಸೋಡಾ ಇದೆ ಅಂತ ಆತುರ ಮಾಡುವಂತಿಲ್ಲ, ಅದು ಆಸರೆ ಮಾತ್ರ.

ಬೆಳಿಗ್ಗೆ ದಾಣಿಗಿಂತ ಮುಂಚೆ ಒಣಹುಲ್ಲು ಹಾಕುವ ಅಭ್ಯಾಸ ಬಂದದ್ದೂ ಆಗಲೇ. ಹುಲ್ಲನ್ನು ಮೂರು ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸುತ್ತೇವೆ. ತೀರಾ ಉದ್ದ ಇದ್ದರೆ ಅದನ್ನು ಪಕ್ಕಕ್ಕೆ ತಳ್ಳಿ ದಾಣಿಯನ್ನಷ್ಟೇ ಆರಿಸಿ ತಿನ್ನುತ್ತವೆ. ತೀರಾ ಸಣ್ಣದಾದರೆ ಅಗಿಯುವುದಿಲ್ಲ. ದಿನದ ದಾಣಿಯನ್ನು ಮೂರು ಹೊತ್ತಿಗೆ ಹಂಚುತ್ತೇವೆ. ಸಮಯ ತಪ್ಪಿಸುವುದಿಲ್ಲ. ಒಂದು ಹೊತ್ತು ತಡವಾದರೆ ಹಸಿದು ಗಬಗಬ ನುಂಗುತ್ತವೆ, ಅದೂ ಹೊಟ್ಟೆಗೆ ಕೆಟ್ಟದ್ದು.

ನೀರಿನ ತೊಟ್ಟಿ ದಿನಾ ತೊಳೆಯುತ್ತೇವೆ. ದಾಣಿ ತಿಂದ ಬಾಯಿಯಲ್ಲೇ ನೀರು ಕುಡಿಯುತ್ತವಾದ್ದರಿಂದ ತೊಟ್ಟಿಯ ತಳದಲ್ಲಿ ಹಿಟ್ಟು ಕೊಳೆಯುತ್ತದೆ. ನೀರು ವಾಸನೆ ಬಂದರೆ ಕುಡಿಯುವುದು ಕಡಿಮೆಯಾಗುತ್ತದೆ. ಕುಡಿಯುವುದು ಕಡಿಮೆಯಾದರೆ ತಿನ್ನುವುದೂ ಕಡಿಮೆ.

ಮೂರನೆಯ ಸಲ ಹಿಂಡಿ ತಂದಾಗ ಇನ್ನೊಂದು ಪೆಟ್ಟು ಬಿತ್ತು. ಒಬ್ಬ ವ್ಯಾಪಾರಿಯಿಂದ ತಂದ ಚೀಲಗಳಲ್ಲಿ ಎರಡನ್ನು ಬಿಚ್ಚಿದರೆ ಮುಗ್ಗಲು ವಾಸನೆ. ಒಳಗೆ ಗಂಟು ಗಂಟು, ಗಂಟು ಒಡೆದರೆ ಹಸಿರು ಬೂಷ್ಟು. ಉಳಿದ ಚೀಲದಿಂದ ಒಂದು ಹಿಡಿ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿದೆ. ಲೋಟದ ತಳದಲ್ಲಿ ಮರಳು ಕೂತಿತ್ತು. ತುಂಬಾ ಬೇಜಾರಾಯಿತು. ಬಿಸಿಲಿಗೆ ಹಾಕಿ ಒಣಗಿಸಿ ಬಳಸಿ ಅಂತ ಕೆಲವರು ಹೇಳಿದರು. ಅದು ಆಗದ ಮಾತು. ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಬಿಸಿಲಿಗೆ ಹಾಕಿದ ಮಾತ್ರಕ್ಕೆ ಹೋಗಿಬಿಡುವುದಿಲ್ಲ, ಅದು ಯಕೃತ್ತನ್ನು ಹಾಳು ಮಾಡುತ್ತದೆ. ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಇರಬಹುದು. ಆ ಎರಡು ಚೀಲವನ್ನು ದನಗಳ ಬಾಯಿಗೆ ಸಿಗದ ಹಾಗೆ ಹೂತೆವು. ಮರಳು ಇದ್ದದ್ದನ್ನು ವಾಪಸ್ ಕೊಟ್ಟೆವು. ಈಗ ಚೀಲ ಇಳಿಸುವ ಮುಂಚೆಯೇ ಲೋಟ ಹಿಡಿದು ನಿಲ್ಲುತ್ತೇನೆ.

ನಮ್ಮದೇ ಜೋಳಕ್ಕೂ ಪರೀಕ್ಷೆ ಇದೆ. ಒಣಗಿದ ಗಾಜಿನ ಬಾಟಲಿಗೆ ಕಾಳು ಹಾಕಿ, ಚೆನ್ನಾಗಿ ಒಣಗಿದ ಪುಡಿ ಉಪ್ಪು ಸೇರಿಸಿ ಕುಲುಕಬೇಕು. ಉಪ್ಪು ಬಾಟಲಿಯ ಗೋಡೆಗೆ ಅಂಟಿಕೊಂಡರೆ ಕಾಳಿನಲ್ಲಿ ಇನ್ನೂ ತೇವ ಇದೆ ಅಂತ. ಉದುರುದುರಾಗಿ ಬಿದ್ದರೆ ಚೀಲ ಕಟ್ಟಬಹುದು. ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಬೇಕು.

ಇನ್ನೊಂದು ಸಣ್ಣ ಕೆಲಸ, ಆದರೆ ಎಂದೂ ಬಿಡದ ಕೆಲಸ. ಬೆರೆಸುವಾಗ ಸಲಿಕೆಗೆ ಒಂದು ಅಯಸ್ಕಾಂತ ಕಟ್ಟಿಕೊಳ್ಳುತ್ತೇವೆ. ನಾಲ್ಕು ತಿಂಗಳಲ್ಲಿ ಎರಡು ಮೊಳೆ, ಒಂದಷ್ಟು ತಂತಿ ಚೂರು ಸಿಕ್ಕಿವೆ. ದನ ನಾಲಿಗೆಯಲ್ಲಿ ಬಳಿದು ನುಂಗುವ ಪ್ರಾಣಿ, ಆರಿಸಿ ಉಗುಳುವುದಿಲ್ಲ. ತಂತಿ ಎರಡನೆಯ ಹೊಟ್ಟೆಯಲ್ಲಿ ಕೂತು, ಅಲ್ಲಿಂದ ಹೃದಯದ ಕಡೆಗೇ ಚುಚ್ಚಿಕೊಂಡು ಹೋಗಬಹುದು.

ಸಲಹೆ ಕೊಡುವವರು ತುಂಬಾ ಜನ ಇದ್ದರು. ಯೂರಿಯಾ ಹಾಕಿ, ಹಿಂಡಿಯ ಖರ್ಚು ಉಳಿಯುತ್ತದೆ ಅಂತ ಒಬ್ಬರು ಹೇಳಿದರು. ಮಾತು ಸುಳ್ಳಲ್ಲ. ಯೂರಿಯಾದಲ್ಲಿ ಶೇ. 46 ಸಾರಜನಕ ಇದೆ. ಸಾರಜನಕವನ್ನು ಪ್ರೋಟೀನಿನ ಲೆಕ್ಕಕ್ಕೆ ತರಲು 6.25ರಿಂದ ಗುಣಿಸುತ್ತಾರೆ, ಗುಣಿಸಿದರೆ ಸುಮಾರು 287. ಅಂದರೆ ಒಂದು ಕೆಜಿ ಯೂರಿಯಾ ಆರು ಕೆಜಿಗಿಂತ ಜಾಸ್ತಿ ಸೋಯಾ ಹಿಂಡಿಯ ಪ್ರೋಟೀನಿಗೆ ಸಮ. ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಸಾರಜನಕದಿಂದ ಪ್ರೋಟೀನು ಕಟ್ಟಿಕೊಳ್ಳುತ್ತವೆ, ಜೊತೆಗೆ ಜೋಳದಂಥ ಪಿಷ್ಟ ಇದ್ದರೆ. ಆದರೆ ದಿನದ ಒಟ್ಟು ಒಣ ಅಂಶದಲ್ಲಿ ಅದು ಶೇ. 1 ಮೀರಬಾರದು. ಒಂದೇ ಒಂದು ಗಂಟು ಒಂದು ಕರುವಿನ ಬಾಯಿಗೆ ಹೋದರೆ ಅಮೋನಿಯಾ ರಕ್ತಕ್ಕೇರಿ, ವೈದ್ಯರು ಬರುವುದರೊಳಗೆ ಕಥೆ ಮುಗಿಯಬಹುದು. ಬಣ್ಣದ ಕಾಳಿನ ಪರೀಕ್ಷೆಯಲ್ಲಿ 3 ಮತ್ತು 19 ಕಂಡವನು ನಾನು. ಸಲಿಕೆಯಲ್ಲಿ ಬೆರೆಸುವ ಮನೆಗೆ ಯೂರಿಯಾ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮಾಂಸ ಮತ್ತು ಎಲುಬಿನ ಪುಡಿ ಹಾಕಿದರೆ ಮೈ ಬೇಗ ಬರುತ್ತದೆ ಅಂತ ಇನ್ನೊಬ್ಬರು ಅಂದರು. ಅದನ್ನಂತೂ ಕೇಳಿದೊಡನೆ ಬೇಡ ಅಂದೆ. 1986ರಲ್ಲಿ ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ ಪತ್ತೆಯಾಯಿತು. ಅದು ಹರಡಿದ್ದು ದನಗಳಿಗೆ ಹಾಕುತ್ತಿದ್ದ ಅಂಥ ಪುಡಿಯಿಂದಲೇ. ಅಲ್ಲಿ 1988ರಲ್ಲಿ, ಅಮೆರಿಕದಲ್ಲಿ 1997ರಲ್ಲಿ, ಮೆಲುಕು ಹಾಕುವ ಪ್ರಾಣಿಗಳಿಗೆ ಅಂಥ ಆಹಾರ ಹಾಕುವುದನ್ನು ನಿಷೇಧಿಸಿದರು. ಹುಲ್ಲು ತಿನ್ನುವ ಜೀವಕ್ಕೆ ಹುಲ್ಲು, ಕಾಳು, ಹಿಂಡಿ ಸಾಕು.

ಹದಿನೈದು ದಿನಕ್ಕೊಮ್ಮೆ ಟೇಪು ಹಿಡಿಯುತ್ತಿದ್ದೆವು. ಮೊದಲ ತಿಂಗಳು ನಿರಾಸೆಯೇ. ಆ ಹೊಟ್ಟೆಯ ತೊಂದರೆಯೂ ಸೇರಿ, ಸರಾಸರಿ 13 ಕೆಜಿ ಮಾತ್ರ ಏರಿತ್ತು. ದಾಣಿ ಗುರಿ ಮುಟ್ಟಿ, ಹೊಟ್ಟೆ ಒಗ್ಗಿಕೊಂಡ ಮೇಲೆ ಓಟ ಶುರುವಾಯಿತು. ದಿನಕ್ಕೆ 900 ಗ್ರಾಂನಿಂದ ಒಂದು ಕೆಜಿ ತನಕ. ತೂಕ ಏರಿದ ಹಾಗೆ ಶೇ. 2.5ರ ಲೆಕ್ಕದಲ್ಲಿ ಆಹಾರವನ್ನೂ ಏರಿಸಿದೆವು. 120 ದಿನದ ಕೊನೆಗೆ ಸರಾಸರಿ 308 ಕೆಜಿ. ಒಂದು ಕೆಜಿ ಮೈ ಬರಲು ಸುಮಾರು ಎಂಟು ಕೆಜಿ ಒಣ ಅಂಶ ತಿಂದಿದ್ದವು.

280 ಕೆಜಿ ದಾಟಿದ ಮೇಲೆ ಲೆಕ್ಕವನ್ನು ಒಂದು ಸಲ ಬದಲಿಸಿದೆವು. ದೊಡ್ಡದಾದ ಹಾಗೆ ಬೇಕಾಗುವ ಪ್ರೋಟೀನಿನ ಪಾಲು ಕಡಿಮೆಯಾಗುತ್ತದೆ, ಶಕ್ತಿ ಜಾಸ್ತಿ ಬೇಕಾಗುತ್ತದೆ. ಹಿಂಡಿ 14ರಿಂದ 9 ಕೆಜಿಗೆ ಇಳಿಸಿ, ಆ ಐದು ಕೆಜಿ ಜೋಳಕ್ಕೆ ಸೇರಿಸಿದೆವು. ಅದನ್ನೂ ಒಂದೇ ದಿನ ಮಾಡಲಿಲ್ಲ. ಹಳೆಯದು ಮೂರು ಪಾಲು, ಹೊಸದು ಒಂದು ಪಾಲು. ಆಮೇಲೆ ಅರ್ಧ ಅರ್ಧ. ಹತ್ತು ದಿನಕ್ಕೆ ಪೂರ್ತಿ ಹೊಸದು.

ಎಂಟರಲ್ಲಿ ಒಂದು ಕರು ಮಾತ್ರ ಎರಡನೆಯ ತಿಂಗಳೂ ಏಳಲಿಲ್ಲ. ಕಪ್ಪು ಕರುವಲ್ಲ, ಬಿಳಿ ಹಣೆಯದು. ಜಂತುಹುಳುವಿನ ಔಷಧಿ ಆರಂಭದಲ್ಲೇ ಎಲ್ಲಕ್ಕೂ ಹಾಕಿಸಿದ್ದೆವು. ಸಗಣಿ ಚೆನ್ನಾಗಿತ್ತು, ಮೆಲುಕು ಚೆನ್ನಾಗಿತ್ತು. ದಾಣಿಯಲ್ಲಿ ಏನೋ ತಪ್ಪಿದೆ ಅಂತ ನಾನು ಮತ್ತೆ ಮತ್ತೆ ಲೆಕ್ಕ ಹಾಕಿದೆ. ಒಂದು ದಿನ ತಮ್ಮ ಮೇವು ಹಾಕಿ ಹೊರಗೆ ಬರದೆ ಅಲ್ಲೇ ಮೂಲೆಯಲ್ಲಿ ಕೂತು ನೋಡಿದ. ಪಕ್ಕದ ದೊಡ್ಡ ಕರು ತನ್ನ ಪಾಲು ಬೇಗ ಮುಗಿಸಿ ಕೊಂಬಿನಲ್ಲಿ ತಿವಿಯುತ್ತಿತ್ತು. ಬಿಳಿ ಹಣೆಯದು ಹಿಂದೆ ಸರಿದು ನಿಲ್ಲುತ್ತಿತ್ತು. ಎಲ್ಲ ಮುಗಿದ ಮೇಲೆ ಬಂದು ಉಳಿದ ಹುಲ್ಲು ತಿನ್ನುತ್ತಿತ್ತು. ನಾವು ಗೋದಲಿಗೆ ತೂಗಿ ಹಾಕಿದ್ದೆವು, ಯಾರ ಹೊಟ್ಟೆಗೆ ಎಷ್ಟು ಹೋಯಿತು ಅಂತ ನೋಡಿರಲಿಲ್ಲ.

ಅದನ್ನು ಬೇರೆ ಕಟ್ಟಿದೆವು. ಅದಕ್ಕೂ ಎರಡು ಕೆಜಿಯಿಂದಲೇ ಮೆಟ್ಟಿಲು ಹತ್ತಿಸಿದೆವು, ಆತುರಪಡಲಿಲ್ಲ. ಉಳಿದವಕ್ಕೆ ಗೋದಲಿಯಲ್ಲಿ ಒಂದೊಂದು ಕರುವಿಗೂ ಒಂದೂವರೆ ಮೊಳದಷ್ಟು ಜಾಗ ಸಿಗುವ ಹಾಗೆ ಅಡ್ಡ ಕಂಬಿ ಕಟ್ಟಿದೆವು. ಬಿಳಿ ಹಣೆಯ ಕರು ಮುಂದಿನ ತಿಂಗಳ ಅಳತೆಯಲ್ಲಿ 27 ಕೆಜಿ ಏರಿತ್ತು. ಈಗ ಮೇವು ಹಾಕಿದ ಮೇಲೆ ನಾವಿಬ್ಬರಲ್ಲಿ ಒಬ್ಬರು ಕಾಲು ಗಂಟೆ ಅಲ್ಲೇ ಕೂರುತ್ತೇವೆ.